ಮನೆಯ ಪತ್ರಿಕೆ, ಹೊರಗಿನ ಮನ್ನಣೆ

ಪುಸ್ತಕಗಳನ್ನು ವಿಮರ್ಶಿಸುವ ವಾಡಿಕೆ ನಮ್ಮಲ್ಲಿ ಸಾಕಷ್ಟಿದೆ. ಪತ್ರಿಕೆಗಳನ್ನು ವಿಮರ್ಶಿಸುವ ವಾಡಿಕೆ ಕಡಿಮೆ. ಅದರಲ್ಲಿಯೂ ವಿಜ್ಞಾನದ ಸಂಶೋಧನಾ ಪತ್ರಿಕೆಯೊಂದನ್ನು ಕೈಗೆತ್ತಿಕೊಂಡು, ಅದು ಏಕೆ ಹುಟ್ಟಿತು, ಹೇಗೆ ಬಾಳಿತು, ಎಲ್ಲಿ ಗೆದ್ದಿತು, ಎಲ್ಲಿ ಸೊರಗಿತು ಎಂದು ವಿಚಾರಿಸಿದವರು ಕನ್ನಡದಲ್ಲಿ ವಿರಳ. ಕಾರಣ ಊಹಿಸುವುದು ಕಷ್ಟವಲ್ಲ. ಅಂಥ ಪತ್ರಿಕೆಗಳು ಇಂಗ್ಲಿಷಿನಲ್ಲಿರುತ್ತವೆ. ಪುಟ ತೆರೆದರೆ ಗಣಿತವೇ ಎದುರಾಗುತ್ತದೆ. ಸಾಮಾನ್ಯ ಓದುಗ ಗೌರವದಿಂದ ಕೈಮುಗಿದು ಮುಚ್ಚಿಡುತ್ತಾನೆ. ಆದರೆ ಒಂದು ನಾಡಿನ ವಿದ್ವಾಂಸರು ತಮ್ಮ ದುಡಿಮೆಯ ಫಲವನ್ನು ಮೊದಲು ಯಾರ ಕೈಗೆ ಕೊಡುತ್ತಾರೆ ಎಂಬ ಪ್ರಶ್ನೆಯನ್ನು ಕೇಳಲು ಗಣಿತ ಬೇಕಿಲ್ಲ. ಆ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ನಾವು ಇಲ್ಲಿ ಬೆಂಗಳೂರಿನ ‘ಜರ್ನಲ್ ಆಫ್ ಆಸ್ಟ್ರೋಫಿಸಿಕ್ಸ್ ಅಂಡ್ ಆಸ್ಟ್ರಾನಮಿ’ ಎಂಬ ಖಗೋಳ ಪತ್ರಿಕೆಯ ಕಥೆಯನ್ನು ಪರಿಶೀಲಿಸಲು ಹೊರಟಿದ್ದೇವೆ.

ನಾಗಪುರದ ಪ್ರತಾಪ ನಗರದಲ್ಲಿರುವವರಿಗೆ ಬೆಂಗಳೂರಿನ ಈ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಈ ಪತ್ರಿಕೆಯನ್ನು ಹೊರತರುವ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸಂಸ್ಥೆಯನ್ನು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸರ್ ಸಿ. ವಿ. ರಾಮನ್ ಅವರು, ಹಣಕಾಸು ಇಲಾಖೆಯ ತರುಣ ಅಧಿಕಾರಿಯಾಗಿದ್ದಾಗ, 1910ರಲ್ಲಿ ರಂಗೂನಿನಿಂದ ವರ್ಗವಾಗಿ ಬಂದದ್ದು ನಮ್ಮ ನಾಗಪುರಕ್ಕೆ. ಮರುವರ್ಷವೇ ಅವರು ಕಲ್ಕತ್ತೆಗೆ ಹಿಂತಿರುಗಿದರು. ಇನ್ನು, ಅದೇ ಅಕಾಡೆಮಿಯ ಪ್ರಕಟಣೆಗಳಿಗೆ 1970ರ ದಶಕದಲ್ಲಿ ಹೊಸ ಚೈತನ್ಯ ತುಂಬಿದ ಶಿವರಾಜ ರಾಮಶೇಷನ್ ಅವರು ಪದವಿ ಪಡೆದದ್ದು ನಾಗಪುರ ವಿಶ್ವವಿದ್ಯಾಲಯದಿಂದ. ಗಾಂಧಿ ಸಾಗರದ ಎದುರಿಗಿರುವ ರಾಮನ್ ವಿಜ್ಞಾನ ಕೇಂದ್ರಕ್ಕೆ 1992ರಿಂದ ಈಚೆಗೆ ನಮ್ಮಲ್ಲಿ ಎಷ್ಟೋ ಜನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇವೆ. ಅಲ್ಲಿ ರಾಮನ್ನರ ಹೆಸರು ದೊಡ್ಡದಾಗಿ ಕಾಣುತ್ತದೆ. ಅವರು ಪತ್ರಿಕೆಗಳ ವಿಷಯದಲ್ಲಿ ಎಷ್ಟು ಹಟವಾದಿಯಾಗಿದ್ದರು ಎಂಬುದು ಮಾತ್ರ ನಮ್ಮಲ್ಲಿ ಹೆಚ್ಚು ಮಂದಿಗೆ ಗೊತ್ತಿಲ್ಲ.

ಆ ಹಟದ ನಿದರ್ಶನ 1928ರದು. ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದ ಮೇಲೆ ರಾಮನ್ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಅದರ ಬಗ್ಗೆ ಉಪನ್ಯಾಸ ಮಾಡಿದರು. ಆ ಉಪನ್ಯಾಸವನ್ನು ಅವರು ಅಚ್ಚು ಹಾಕಿಸಿದ್ದು ಎರಡು ವರ್ಷದ ಹಸುಳೆಯಾಗಿದ್ದ, ಕಲ್ಕತ್ತೆಯ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ ಎಂಬ ಪತ್ರಿಕೆಯಲ್ಲಿ. ಅದರ ಪ್ರತಿಗಳನ್ನು ಹೊರದೇಶದ ವಿಜ್ಞಾನಿಗಳಿಗೆ ತಾವೇ ಅಂಚೆಯಲ್ಲಿ ಕಳುಹಿಸಿದರು. ಲಂಡನ್ನಿನ ‘ನೇಚರ್’ ಪತ್ರಿಕೆಗೂ ಚಿಕ್ಕ ಟಿಪ್ಪಣಿ ಹೋಯಿತು, ನಿಜ. ಆದರೆ ಪೂರ್ಣ ಪಾಠ ಮನೆಯಲ್ಲಿ, ಸುದ್ದಿ ಮಾತ್ರ ಹೊರಗೆ. ಓದಬೇಕಾದವರು ನಮ್ಮ ಪತ್ರಿಕೆಯನ್ನು ಹುಡುಕಿಕೊಂಡು ಬರಲಿ ಎಂಬ ಧೈರ್ಯ ಅದರಲ್ಲಿತ್ತು. ಎರಡು ವರ್ಷದಲ್ಲಿ ನೊಬೆಲ್ ಬಹುಮಾನ ಬಂದದ್ದರಿಂದ ಆ ಧೈರ್ಯಕ್ಕೆ ನಷ್ಟವೇನೂ ಆಗಲಿಲ್ಲವೆಂದು ತಿಳಿಯಬಹುದು.

ಖಗೋಳದಲ್ಲಿ ಇಂಥ ಧೈರ್ಯ ಇನ್ನೂ ಹಿಂದೆಯೇ ಕಾಣಿಸಿಕೊಂಡಿತ್ತು. ಪಳನಿ ಬೆಟ್ಟಗಳ ಮೇಲಿನ ಕೊಡೈಕನಾಲ್ ವೀಕ್ಷಣಾಲಯ 1905ರಿಂದ ತನ್ನದೇ ‘ಬುಲೆಟಿನ್’ ಹೊರಡಿಸುತ್ತಿತ್ತು. ಅದು ತೆಳ್ಳಗಿನ ಪ್ರಕಟಣೆ. ನಾಲ್ಕಾರು ಹಾಳೆ, ಒಂದೆರಡು ಪಟ. 1909ರ ಜನವರಿಯಲ್ಲಿ ಜಾನ್ ಎವರ್‌ಷೆಡ್ ಎಂಬ ಇಂಗ್ಲಿಷ್ ವಿಜ್ಞಾನಿ ಅಲ್ಲಿ ಸೂರ್ಯಕಲೆಗಳ ರೋಹಿತವನ್ನು ತೆಗೆಯುತ್ತಿದ್ದಾಗ ಅದರ ರೇಖೆಗಳು ಸ್ವಲ್ಪ ಓರೆಯಾಗಿರುವುದನ್ನು ಕಂಡರು. ಕಲೆಯ ಅಂಚಿನ ಮಬ್ಬು ಪಟ್ಟಿಯಲ್ಲಿ ಅನಿಲವು ಒಳಗಿನಿಂದ ಹೊರಕ್ಕೆ, ಸೂರ್ಯನ ಮೈಗೆ ಸಮಾನಾಂತರವಾಗಿ ಹರಿಯುತ್ತಿದೆ ಎಂಬುದು ಅದರ ಅರ್ಥ. ಇಂದು ಸೂರ್ಯನನ್ನು ಅಭ್ಯಸಿಸುವ ಪ್ರತಿಯೊಬ್ಬರಿಗೂ ‘ಎವರ್‌ಷೆಡ್ ಪರಿಣಾಮ’ ಗೊತ್ತು. ಆ ಶೋಧ ಅಚ್ಚಾದದ್ದು ಕೊಡೈಕನಾಲಿನ 15ನೆಯ ಬುಲೆಟಿನ್ನಿನಲ್ಲಿ. ಅವರೂ ಅದೇ ವರ್ಷ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಪತ್ರಿಕೆಗೆ ಒಂದು ಲೇಖನ ಕಳುಹಿಸಿದರು. ಆದರೂ ಬೆಟ್ಟದ ಮೇಲಿನ ಆ ಪುಟ್ಟ ಪ್ರಕಟಣೆ ಶಾಶ್ವತವಾಗಿ ಉಲ್ಲೇಖಗಳಲ್ಲಿ ನಿಂತುಬಿಟ್ಟಿತು.

1910ರಲ್ಲಿ, ಹ್ಯಾಲಿ ಧೂಮಕೇತು ಕಾಣಿಸಿಕೊಂಡ ವರ್ಷವೇ, ಕಲ್ಕತ್ತೆಯಲ್ಲಿ ಒಂದು ಖಗೋಳ ಸಂಘ ಹುಟ್ಟಿ ತನ್ನ ಪತ್ರಿಕೆಯನ್ನು ತೆಗೆಯಿತು. ಹವ್ಯಾಸಿಗಳ ಉತ್ಸಾಹದಿಂದ ನಡೆದ ಆ ಸಂಘ ಹತ್ತು ಹನ್ನೆರಡು ವರ್ಷ ಬಾಳಿ ಮುಗಿದುಹೋಯಿತು. ಅನಂತರದ ಅರ್ಧ ಶತಮಾನ ಈ ವಿಷಯದಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. 1972ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಆಸ್ಟ್ರನಾಮಿಕಲ್ ಸೊಸೈಟಿ ಆಫ್ ಇಂಡಿಯಾ ರೂಪುಗೊಂಡು, ಮರುವರ್ಷದಿಂದ ಅದರ ‘ಬುಲೆಟಿನ್’ ಹೊರಡತೊಡಗಿತು.

ಹೀಗಿರುವಲ್ಲಿ 1980 ಬಂತು. ಆ ವರ್ಷದ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋದದ್ದು ಹಿರಿಯ ಓದುಗರಿಗೆ ನೆನಪಿರಬೇಕು. ಲೋಕದ ವಿಜ್ಞಾನಿಗಳು ದುರ್ಬೀನು ಹೊತ್ತುಕೊಂಡು ಕನ್ನಡ ನಾಡಿಗೆ ಬಂದಿಳಿದ ಅದೇ ವರ್ಷ ಬೆಂಗಳೂರಿನಲ್ಲಿ ನಮ್ಮ ಈ ಪತ್ರಿಕೆಯ ಮೊದಲ ಸಂಪುಟ ಹೊರಬಂತು. ಸ್ಥಾಪಕ ಸಂಪಾದಕರು ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ನಿರ್ದೇಶಕ ವೇಣು ಬಾಪ್ಪು ಅವರು. ಅವರಾಗ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರೂ ಹೌದು. ಮೂರು ತಿಂಗಳಿಗೊಮ್ಮೆ ಸಂಚಿಕೆ, ತಜ್ಞರ ಪರಿಶೀಲನೆ, ಒಳ್ಳೆಯ ಮುದ್ರಣ: ಯಾವ ದೇಶದ ಗ್ರಂಥಾಲಯದಲ್ಲಿಟ್ಟರೂ ನಾಚಬೇಕಾಗಿಲ್ಲದ ರೂಪ.

ಬಾಪ್ಪು ಅವರಿಗೆ ಇಂಥದೊಂದು ಪತ್ರಿಕೆ ಏಕೆ ಬೇಕೆನ್ನಿಸಿತು ಎಂಬುದನ್ನು ಅವರ ಸ್ವಂತ ಅನುಭವದಿಂದಲೇ ಊಹಿಸಬಹುದು. ನಕ್ಷತ್ರದ ರೋಹಿತದಲ್ಲಿ ಕ್ಯಾಲ್ಸಿಯಮ್ಮಿನ ಒಂದು ರೇಖೆಯ ಅಗಲಕ್ಕೂ ಆ ನಕ್ಷತ್ರದ ನಿಜವಾದ ಕಾಂತಿಗೂ ಸಂಬಂಧವಿದೆಯೆಂದು ತೋರಿಸಿದ ‘ವಿಲ್ಸನ್-ಬಾಪ್ಪು ಪರಿಣಾಮ’ವು 1957ರಲ್ಲಿ ಅಚ್ಚಾದದ್ದು ಷಿಕಾಗೋದ ‘ಆಸ್ಟ್ರೋಫಿಸಿಕಲ್ ಜರ್ನಲ್’ನಲ್ಲಿ. ಆಗ ಅದರ ಸಂಪಾದಕರು ನಮ್ಮವರೇ ಆದ ಸುಬ್ರಹ್ಮಣ್ಯನ್ ಚಂದ್ರಶೇಖರ್. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಇಂದು ಲೋಕಮಾನ್ಯವಾಗಿರುವ ಆ ಅಮೆರಿಕನ್ ಪತ್ರಿಕೆ 1895ರಲ್ಲಿ ಹೇಲ್ ಮತ್ತು ಕೀಲರ್ ಎಂಬಿಬ್ಬರ ಸಾಹಸದಿಂದ ಹುಟ್ಟಿ, ಬಹುಕಾಲ ಷಿಕಾಗೋ ವಿಶ್ವವಿದ್ಯಾಲಯದ ಮನೆಯ ಪತ್ರಿಕೆಯಂತೆಯೇ ಇದ್ದದ್ದು. ಚಂದ್ರಶೇಖರರು 1952ರಿಂದ 1971ರವರೆಗೆ ಹತ್ತೊಂಬತ್ತು ವರ್ಷ ಅದರ ನೊಗ ಹೊತ್ತು, ಅದನ್ನು ಇಡೀ ರಾಷ್ಟ್ರದ ಪತ್ರಿಕೆಯನ್ನಾಗಿ ಮಾಡಿ ಕೈಬಿಟ್ಟರು. ಪತ್ರಿಕೆಗಳಲ್ಲಿ ಹುಟ್ಟಿನಿಂದಲೇ ‘ಅಂತರರಾಷ್ಟ್ರೀಯ’, ಹುಟ್ಟಿನಿಂದಲೇ ‘ಪ್ರಾದೇಶಿಕ’ ಎಂಬ ಜಾತಿಗಳಿಲ್ಲ ಎಂದು ಇದರಿಂದ ತಿಳಿಯುತ್ತದೆ. ಅಮೆರಿಕದವರು ತಮ್ಮ ದೊಡ್ಡ ದೂರದರ್ಶಕಗಳ ಫಲವನ್ನು ತಮ್ಮ ಪತ್ರಿಕೆಗೇ ಕೊಟ್ಟರು. ಲೋಕ ಅದನ್ನು ಓದಲೇಬೇಕಾಯಿತು.

ನಮ್ಮಲ್ಲಿ ನಡೆದದ್ದು ಬೇರೆ. 1977ರ ಮಾರ್ಚ್ 10ರಂದು ಕಾವಲೂರಿನ ವೀಕ್ಷಣಾಲಯದಲ್ಲಿ ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಅವರು ಯುರೇನಸ್ ಗ್ರಹ ಒಂದು ನಕ್ಷತ್ರವನ್ನು ಮರೆಮಾಡುವುದನ್ನು ಅಳೆಯುತ್ತಿದ್ದರು. ಗ್ರಹದ ಉಂಗುರಗಳು ಪತ್ತೆಯಾದ ಆ ರಾತ್ರಿಯ ವೀಕ್ಷಣೆಗಳಲ್ಲಿ ಅವರದೂ ಒಂದು. ಅದು ಅಚ್ಚಾದದ್ದು ‘ನೇಚರ್’ನಲ್ಲಿ, ‘ಯುರೇನಸ್ಸಿನ ಹೊಸ ಉಪಗ್ರಹ’ ಎಂಬ ಅರ್ಥದ ಶೀರ್ಷಿಕೆಯಡಿ. ನಮ್ಮ ವಿದರ್ಭದ್ದೇ ಇನ್ನೊಂದು ಉದಾಹರಣೆ ಕೊಡಬಹುದು. ಬುಲ್ಢಾಣಾ ಜಿಲ್ಲೆಯ ಲೋಣಾರ ಸರೋವರ ಜ್ವಾಲಾಮುಖಿಯ ಬಾಯಲ್ಲ, ಆಕಾಶದಿಂದ ಬಿದ್ದ ಬಂಡೆ ಕಪ್ಪುಕಲ್ಲಿನ ನೆಲದಲ್ಲಿ ತೋಡಿದ ಗುಂಡಿ ಎಂದು ಸಾಧಿಸಿದ 1973ರ ಪ್ರಬಂಧ ಬಂದದ್ದು ಅಮೆರಿಕದ ‘ಸೈನ್ಸ್’ ಪತ್ರಿಕೆಯಲ್ಲಿ. ಆಗ ಬೆಂಗಳೂರಿನ ಪತ್ರಿಕೆ ಇನ್ನೂ ಹುಟ್ಟಿರಲಿಲ್ಲ. ಹೀಗಾಗಿ ಆ ವಿದ್ವಾಂಸರನ್ನು ದೂರುವುದು ನ್ಯಾಯವಲ್ಲ.

ಹುಟ್ಟಿದ ಮೇಲೆ ಏನಾಯಿತು ಎಂಬುದೇ ವಿಮರ್ಶೆಯ ವಿಷಯ. ಮೊದಲ ಸಂಪುಟಗಳನ್ನು ನೋಡಿದರೆ ಮನಸ್ಸು ತುಂಬಿ ಬರುತ್ತದೆ. 1981ರ ಎರಡನೆಯ ಸಂಪುಟದಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ವಿವೇಕಾನಂದ್ ಮತ್ತು ರಮೇಶ್ ನಾರಾಯಣ್ ಅವರು ಪಲ್ಸಾರುಗಳ ಜನಗಣತಿಯಂಥ ಒಂದು ಪ್ರಬಂಧ ಬರೆದರು. ಗಿರ್ರನೆ ತಿರುಗುವ ಈ ಸತ್ತ ನಕ್ಷತ್ರಗಳೆಲ್ಲ ಹುಟ್ಟುವಾಗ ವೇಗವಾಗಿಯೇ ತಿರುಗುತ್ತಿರಬೇಕೆಂಬುದು ಆಗಿನ ನಂಬಿಕೆ. ಲೆಕ್ಕ ಹಾಕಿ ನೋಡಿದರೆ ಹಲವು ಪಲ್ಸಾರುಗಳು ಅರ್ಧ ಸೆಕೆಂಡಿಗೊಂದು ಸುತ್ತಿನಷ್ಟು ನಿಧಾನದಲ್ಲೇ ಕಾಣಿಸಿಕೊಳ್ಳುವಂತಿವೆ ಎಂದು ಇವರು ತೋರಿಸಿದರು. ಈ ಮಾತಿಗೆ ಒಪ್ಪಿದವರೂ ಉಂಟು, ಒಪ್ಪದವರೂ ಉಂಟು. ಆದರೆ ವಾದ ಮಾಡುವವರೆಲ್ಲ ಬೆಂಗಳೂರಿನ ಪತ್ರಿಕೆಯ ಪುಟ ತಿರುವಬೇಕಾಯಿತು. ಪತ್ರಿಕೆಯೊಂದಕ್ಕೆ ಇದಕ್ಕಿಂತ ಮರ್ಯಾದೆ ಬೇರೆ ಏನಿದೆ? 1984ರಲ್ಲಿ, ನೊಬೆಲ್ ಪಡೆದ ಕೆಲವೇ ತಿಂಗಳಲ್ಲಿ, ಚಂದ್ರಶೇಖರರು ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಅತ್ಯಂತ ಸುಂದರವೆಂದು ಏಕೆ ಕರೆಯುತ್ತಾರೆ ಎಂಬ ಬಗ್ಗೆ ಬರೆದ ಲೇಖನವೂ ಇದರಲ್ಲೇ ಬಂತು. ಸೌಂದರ್ಯಮೀಮಾಂಸೆಯಲ್ಲಿ ಆಸಕ್ತಿಯುಳ್ಳ ನಮ್ಮ ಸಾಹಿತಿಗಳು ಅದನ್ನು ಓದಿದರೆ ಅವರಿಗೂ ಹೊಸದೇನಾದರೂ ಸಿಕ್ಕೀತು.

ಆದರೆ ಆ ಕಾಲದ ಒಂದು ಪ್ರಸಂಗ ಪತ್ರಿಕೆಯ ದೌರ್ಬಲ್ಯವನ್ನೂ ತೋರಿಸಿಕೊಡುತ್ತದೆ. 1982ರಲ್ಲಿ ಸೆಕೆಂಡಿಗೆ 642 ಸುತ್ತು ತಿರುಗುವ ಪಲ್ಸಾರ್ ಒಂದು ಪತ್ತೆಯಾಯಿತು. ಅದು ಮುದಿ ನಕ್ಷತ್ರ. ಜೊತೆಗಾರ ನಕ್ಷತ್ರದ ದ್ರವ್ಯವನ್ನು ಹೀರಿ ಮತ್ತೆ ವೇಗ ಪಡೆದದ್ದು ಎಂಬ ವಿವರಣೆಯನ್ನು ಬೆಂಗಳೂರಿನಲ್ಲೇ ಕುಳಿತು ರಾಧಾಕೃಷ್ಣನ್ ಮತ್ತು ಶ್ರೀನಿವಾಸನ್ ಕೊಟ್ಟರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಹೊರದೇಶದ ವಿಜ್ಞಾನಿಗಳ ಗುಂಪೊಂದು ಅದೇ ವಿಚಾರವನ್ನು ‘ನೇಚರ್’ಗೆ ಕೊಟ್ಟಿತ್ತು. ನಮ್ಮವರು ತಮ್ಮದನ್ನು ಆ ಡಿಸೆಂಬರಿನಲ್ಲೇ ಅಚ್ಚು ಹಾಕಿಸಿದ್ದು ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ. ಅದಾಗ ತಿಂಗಳಿಗೆರಡು ಸಲ ಬರುತ್ತಿತ್ತು. ಖಗೋಳ ಪತ್ರಿಕೆ ಬರುತ್ತಿದ್ದದ್ದು ಮೂರು ತಿಂಗಳಿಗೊಮ್ಮೆ. ಸ್ಪರ್ಧೆಯ ವಿಷಯದಲ್ಲಿ ತ್ರೈಮಾಸಿಕವನ್ನು ನಂಬಿದರೆ ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಹಂಚಿದಂತೆ. ಒಂದು ಮಾತು ನಿಜ: ಮನೆಯ ಪತ್ರಿಕೆಯಲ್ಲಿ ಬಂದಿತೆಂಬ ಕಾರಣಕ್ಕೆ ಅವರ ಪ್ರಬಂಧವನ್ನು ಲೋಕ ಮರೆಯಲಿಲ್ಲ, ಇಂದಿಗೂ ಆ ಎರಡನ್ನೂ ಜೊತೆಯಾಗಿಯೇ ಹೆಸರಿಸುತ್ತಾರೆ.

1982ರ ಆಗಸ್ಟಿನಲ್ಲಿ ಬಾಪ್ಪು ಅವರು ಮ್ಯೂನಿಕ್ಕಿನಲ್ಲಿ ತೀರಿಕೊಂಡಾಗ ಪತ್ರಿಕೆ ಇನ್ನೂ ಮೂರನೆಯ ಸಂಪುಟದಲ್ಲಿತ್ತು. ಸ್ಥಾಪಕನನ್ನು ಅಷ್ಟು ಬೇಗ ಕಳೆದುಕೊಂಡರೂ ಅದು ನಿಲ್ಲಲಿಲ್ಲವೆಂಬುದು ಅಕಾಡೆಮಿಯ ಹೆಚ್ಚುಗಾರಿಕೆ. ಆದರೆ ನಿಲ್ಲದಿರುವುದು ಬೇರೆ, ಬೆಳೆಯುವುದು ಬೇರೆ. ಮುಂದಿನ ದಶಕಗಳಲ್ಲಿ ಸಮ್ಮೇಳನಗಳ ಪ್ರಬಂಧಗಳು ಪುಟ ತುಂಬುವುದು ಹೆಚ್ಚಾಯಿತು. 1993ರಲ್ಲಿ ಪುಣೆಯಲ್ಲಿ ನಡೆದ ಏಷ್ಯಾ-ಪೆಸಿಫಿಕ್ ಸಮ್ಮೇಳನಕ್ಕೆ ಪುರವಣಿಯೊಂದು ಮೀಸಲಾಯಿತು. ಕೊಡೈಕನಾಲ್ ವೀಕ್ಷಣಾಲಯದ ಶತಮಾನೋತ್ಸವದ ಗೋಷ್ಠಿ 2000ದ ಸಂಪುಟದ ಬಹುಭಾಗವನ್ನು ಆಕ್ರಮಿಸಿತು. ಇವುಗಳಿಗೆ ಬೆಲೆಯಿಲ್ಲವೆಂದು ನಾವು ಹೇಳುವುದಿಲ್ಲ. ಕೊಡೈಕನಾಲಿನ ಸಂಪುಟವಂತೂ ಸೂರ್ಯಚಕ್ರದ ಅಭ್ಯಾಸಿಗಳಿಗೆ ಬೇಕಾದದ್ದೇ. ಆದರೂ ಗೋಷ್ಠಿಯ ಭಾಷಣಗಳನ್ನು ಆಶ್ರಯಿಸಿದ ಪತ್ರಿಕೆ, ಹಬ್ಬದೂಟದಿಂದಲೇ ಹೊಟ್ಟೆ ಹೊರೆಯುವ ಮನೆಯ ಹಾಗೆ. ದಿನದ ಅಡುಗೆಗೆ ಅಕ್ಕಿ ಎಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ.

ಅಕ್ಕಿ ಎಲ್ಲಿಗೆ ಹೋಗುತ್ತಿತ್ತು ಎಂಬುದು ಗುಟ್ಟೇನಲ್ಲ. ನೌಕರಿ, ಬಡ್ತಿ, ಅನುದಾನ, ಪ್ರಶಸ್ತಿಗಳನ್ನು ನಿರ್ಧರಿಸುವ ಸಮಿತಿಗಳು ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬ ಅಂಕಿಯನ್ನು ನೋಡಿ ಪ್ರಬಂಧದ ತೂಕ ಅಳೆಯತೊಡಗಿದ ಮೇಲೆ, ತರುಣ ವಿಜ್ಞಾನಿ ತನ್ನ ಉತ್ತಮ ಕೃತಿಯನ್ನು ಬೆಂಗಳೂರಿಗೆ ಕಳುಹಿಸುವುದು ಆತ್ಮಘಾತುಕವಾಯಿತು. ಆ ಸಮಿತಿಗಳಲ್ಲಿ ಕುಳಿತವರೂ ನಮ್ಮವರೇ. ಸಭೆಗಳಲ್ಲಿ ಸ್ವದೇಶಿ ಪತ್ರಿಕೆಗಳ ದುಃಸ್ಥಿತಿಯ ಬಗ್ಗೆ ಮರುಗುವವರೂ ನಮ್ಮವರೇ. ಈ ವಿಪರ್ಯಾಸ ನಮ್ಮ ಸಂಘಗಳಿಗೆ ಹೊಸದಲ್ಲ. ಹೊರನಾಡಿನ ಕನ್ನಡ ಸಂಘದ ಮಾಸಿಕ ನಡೆಸಿದವರನ್ನು ಕೇಳಿ ನೋಡಿ: ಸದಸ್ಯರು ಒಳ್ಳೆಯ ಕಥೆಯನ್ನು ಮೊದಲು ಬೆಂಗಳೂರಿನ ವಾರಪತ್ರಿಕೆಗೆ ಕಳುಹಿಸುತ್ತಾರೆ, ಅಲ್ಲಿಂದ ವಿಷಾದಪತ್ರದೊಡನೆ ಹಿಂತಿರುಗಿದ್ದು ಸಂಘದ ಮಾಸಿಕಕ್ಕೆ ಬರುತ್ತದೆ. ಆಮೇಲೆ ವಾರ್ಷಿಕ ಸಭೆಯಲ್ಲಿ, ‘ನಮ್ಮ ಪತ್ರಿಕೆಯ ಮಟ್ಟ ಇಳಿದಿದೆ’ ಎಂದು ದೂರುವವರೂ ಅವರೇ!

ಹಾಗಾದರೆ ಸ್ವದೇಶಾಭಿಮಾನದ ಹೆಸರಿನಲ್ಲಿ ಎಲ್ಲರೂ ಮನೆಯ ಪತ್ರಿಕೆಗೇ ಬರೆಯಬೇಕೆಂದು ಅಪ್ಪಣೆ ಮಾಡಬೇಕೇ? ಅಂಥ ಅಪ್ಪಣೆಯಿಂದ ಪತ್ರಿಕೆ ಬದುಕಿದ ಉದಾಹರಣೆಯನ್ನು ನಾವು ಕಂಡಿಲ್ಲ. ನಮ್ಮ ದೃಷ್ಟಿಯಲ್ಲಿ ಈ ಪತ್ರಿಕೆಯ ಇತಿಹಾಸ ಬೇರೊಂದು ದಾರಿಯನ್ನು ತೋರಿಸುತ್ತದೆ. ಅದು ಗೆದ್ದಿರುವುದು ಬೇರೆಲ್ಲೂ ಸಿಗದ ಸಾಮಗ್ರಿ ಅದರಲ್ಲಿದ್ದಾಗ.

1990ರ ಒಂದು ಪ್ರಬಂಧವನ್ನು ನೋಡಿ. ಗೌರಿಬಿದನೂರಿನ ಬಯಲಿನಲ್ಲಿ, ಆಗಿನ ಕೋಲಾರ ಜಿಲ್ಲೆಯಲ್ಲಿ, ಭಾರತೀಯ ಖಭೌತವಿಜ್ಞಾನ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಕೂಡಿ ಟಿ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾಗಳ ರೇಡಿಯೋ ದೂರದರ್ಶಕವನ್ನು ಕಟ್ಟಿದ್ದವು. ಅದರ ಪೂರ್ವಪಶ್ಚಿಮದ ತೋಳು ಸುಮಾರು 1.4 ಕಿಲೋಮೀಟರು. ನೋಡಿದವರಿಗೆ ದ್ರಾಕ್ಷಿ ಚಪ್ಪರಕ್ಕೆ ಕಂಬ ನೆಟ್ಟಂತೆ ಕಾಣಬೇಕು; ಬಟ್ಟಲಿಲ್ಲ, ಗುಮ್ಮಟವಿಲ್ಲ. ಅದರಿಂದ 34.5 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಆಕಾಶದ ಬಹುಭಾಗವನ್ನು, ದಕ್ಷಿಣದ 50 ಡಿಗ್ರಿಯಿಂದ ಉತ್ತರದ 70 ಡಿಗ್ರಿಯವರೆಗೆ, ದ್ವಾರಕನಾಥ್ ಮತ್ತು ಉದಯಶಂಕರ್ ಅವರು ನಕ್ಷೆ ಮಾಡಿದರು. ಇಷ್ಟು ಕಡಿಮೆ ಆವೃತ್ತಿಯ ಅಲೆಗಳನ್ನು ಭೂಮಿಯ ಅಯಾನುಗೋಳ ಕಲಕಿಬಿಡುತ್ತದೆ. ಮನುಷ್ಯರ ರೇಡಿಯೋ ಪ್ರಸಾರಗಳು ಮುಚ್ಚಿಬಿಡುತ್ತವೆ. ಹೀಗಾಗಿ ಇಂಥ ನಕ್ಷೆಗಳು ಲೋಕದಲ್ಲೇ ಬೆರಳೆಣಿಕೆಯಷ್ಟು. ಅದು ಅಚ್ಚಾದದ್ದು ಇದೇ ಪತ್ರಿಕೆಯ 11ನೆಯ ಸಂಪುಟದಲ್ಲಿ. ನಮ್ಮ ಆಕಾಶಗಂಗೆಯ ದೀರ್ಘ ರೇಡಿಯೋ ಅಲೆಗಳನ್ನು ಅಭ್ಯಸಿಸುವವರು, ಯಾವ ದೇಶದವರಾಗಲಿ, ಇಂದಿಗೂ ಅಲ್ಲಿಗೆ ಬರುತ್ತಾರೆ. ಇಂಪ್ಯಾಕ್ಟ್ ಫ್ಯಾಕ್ಟರನ್ನು ಕೇಳಿ ಯಾರೂ ಬರುವುದಿಲ್ಲ. ನಕ್ಷೆ ಬೇಕಾಗಿ ಬರುತ್ತಾರೆ. ಎವರ್‌ಷೆಡ್ಡರ ಬುಲೆಟಿನ್ನನ್ನು ಹುಡುಕಿದ್ದೂ ಹೀಗೆಯೇ.

ಇನ್ನೊಂದು ಉದಾಹರಣೆ ಈಚಿನದು. 2014ಕ್ಕೆ ಆಸ್ಟ್ರನಾಮಿಕಲ್ ಸೊಸೈಟಿ ತನ್ನ ಬುಲೆಟಿನ್ನನ್ನು ನಿಲ್ಲಿಸಿ, ಅಕಾಡೆಮಿಯೊಡನೆ ಸೇರಿ ಈ ಪತ್ರಿಕೆಯನ್ನೇ ನಡೆಸಲು ಒಪ್ಪಿತು. ಬಡವರ ಮನೆಯಲ್ಲಿ ಎರಡು ಒಲೆ ಉರಿಸುವುದಕ್ಕಿಂತ ಒಂದೇ ಒಲೆ ಲೇಸು; ಇದು ಇನ್ನೂ ಮುಂಚೆ ಆಗಬೇಕಿತ್ತೆಂದು ನಮ್ಮ ಅಭಿಪ್ರಾಯ. 2015ರ ಸೆಪ್ಟೆಂಬರ್ 28ರಂದು ‘ಆಸ್ಟ್ರೋಸ್ಯಾಟ್’ ಉಪಗ್ರಹ ಹಾರಿತು. ಅದರ ಉಪಕರಣಗಳ ರಚನೆ, ಅಳತೆ, ನಂಬಿಕೆಯ ಮಿತಿಗಳನ್ನು ವಿವರಿಸುವ ಪ್ರಬಂಧಗಳು 2017ರ ವಿಶೇಷ ಸಂಚಿಕೆಯಾಗಿ ಇಲ್ಲಿ ಬಂದವು. ಆ ಉಪಗ್ರಹದ ದತ್ತಾಂಶ ಬಳಸುವವರು ಈ ಪ್ರಬಂಧಗಳನ್ನು ಹೆಸರಿಸದೆ ಮುಂದಕ್ಕೆ ಹೋಗುವಂತಿಲ್ಲ.

ಆದರೆ ಇಲ್ಲಿಯೂ ಹಳೆಯ ರಾಗ ಪೂರ್ತಿ ಬಿಟ್ಟಿಲ್ಲ. ಅದೇ ಉಪಗ್ರಹದಿಂದ ಏಡಿ ನೀಹಾರಿಕೆಯ ಪಲ್ಸಾರಿನ ಎಕ್ಸ್-ಕಿರಣಗಳ ಧ್ರುವೀಕರಣವನ್ನು ಅಳೆದ ಫಲಿತಾಂಶವೂ, ದೂರದ ಗೆಲಾಕ್ಸಿಯೊಂದರಿಂದ ತೀವ್ರ ನೇರಳಾತೀತ ಬೆಳಕನ್ನು ಹಿಡಿದ 2020ರ ಫಲಿತಾಂಶವೂ ‘ನೇಚರ್ ಆಸ್ಟ್ರಾನಮಿ’ಗೆ ಹೋದವು. ಯಂತ್ರದ ವಿವರ ಬೆಂಗಳೂರಿಗೆ, ಆವಿಷ್ಕಾರದ ಸುದ್ದಿ ಲಂಡನ್ನಿಗೆ. ಒಂದಿಷ್ಟು ಮಟ್ಟಿಗೆ ಇದು ಅನಿವಾರ್ಯವೆಂದು ಒಪ್ಪೋಣ. ರಾಮನ್ ಕೂಡ ಲಂಡನ್ನಿಗೆ ಟಿಪ್ಪಣಿ ಕಳುಹಿಸಿದವರೇ. ಆದರೆ ಅವರು ಪೂರ್ಣ ಪಾಠವನ್ನು ಮನೆಯಲ್ಲಿ ಇಟ್ಟಿದ್ದರು. ಹೊರಗೆ ನಾಲ್ಕು ಪುಟದಲ್ಲಿ ಅಡಕಗೊಂಡ ಆವಿಷ್ಕಾರದ ವಿಸ್ತಾರವಾದ ವರದಿ, ವೀಕ್ಷಣೆಯ ಪಟ್ಟಿಗಳು, ಕೈಗೂಡದ ಪ್ರಯತ್ನಗಳು ಇವನ್ನು ಮನೆಯ ಪತ್ರಿಕೆಗೆ ಕೊಡುವ ಪದ್ಧತಿಯನ್ನು ನಮ್ಮ ಸಂಸ್ಥೆಗಳು ಇಟ್ಟುಕೊಂಡರೆ ಯಾರ ಬಡ್ತಿಗೂ ಧಕ್ಕೆಯಾಗದು.

ಕನ್ನಡದ ಮಾತು ಬಾಕಿ ಇದೆ. ಬೆಂಗಳೂರಿನಿಂದ ಹೊರಡುವ, ಗೌರಿಬಿದನೂರಿನ ನೆಲದಿಂದ ಆಕಾಶವನ್ನು ಅಳೆದ ಪತ್ರಿಕೆಯಲ್ಲಿ ಕನ್ನಡಿಗನಿಗೆಂದು ಒಂದು ಸಾಲೂ ಇಲ್ಲ. ಸಂಶೋಧನೆ ಇಂಗ್ಲಿಷಿನಲ್ಲಿರಲಿ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ನಡೆಸಿದ್ದರು. ಎರಡೇ ವರ್ಷ ಬದುಕಿದರೂ, ಈ ಭಾಷೆಯಲ್ಲಿ ಇದನ್ನು ಹೇಳಬಹುದೆಂದು ಅದು ತೋರಿಸಿಕೊಟ್ಟಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲ ವಿಜ್ಞಾನ’ವನ್ನು ಹೊರತಂದಿತು. ಕನ್ನಡ ನಾಡಿನಲ್ಲಿ ನಡೆದ ವೀಕ್ಷಣೆಗಳ ಪ್ರಬಂಧಗಳಿಗಾದರೂ ಅರ್ಧ ಪುಟದ ಕನ್ನಡ ಸಾರಾಂಶವನ್ನು ಅಕಾಡೆಮಿ ಸೇರಿಸಬಾರದೇಕೆ? ಖರ್ಚು ಅಲ್ಪ, ತಾವು ಕಂಡದ್ದನ್ನು ತಮ್ಮ ಊರಿನವರಿಗೆ ಹೇಳಬೇಕಾದಾಗ ಲೇಖಕರಿಗೂ ತಮ್ಮ ವಿಷಯ ಇನ್ನಷ್ಟು ತಿಳಿಯಾದೀತು.

ಪತ್ರಿಕೆಯ ಹಳೆಯ ಸಂಪುಟಗಳನ್ನು ಅಕಾಡೆಮಿ ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ನಾಗಪುರದಲ್ಲಿರುವವರು ಅದಕ್ಕಾಗಿ ಬೆಂಗಳೂರಿನ ರೈಲು ಹತ್ತಬೇಕಿಲ್ಲ. ಗಣಿತಕ್ಕೆ ಹೆದರುವ ಓದುಗರು 1984ರ ಐದನೆಯ ಸಂಪುಟದಿಂದ, ಚಂದ್ರಶೇಖರರ ಲೇಖನದಿಂದ ಆರಂಭಿಸಬಹುದು, ಒಂಬತ್ತೇ ಪುಟ. ಅನಂತರ 11ನೆಯ ಸಂಪುಟ ತೆರೆದು, ಗೌರಿಬಿದನೂರಿನ ಕಂಬಗಳು ಬಿಡಿಸಿದ ಆಕಾಶದ ನಕ್ಷೆಯನ್ನು ನೋಡಲಿ. ಅದನ್ನು ನೋಡಲು ಗಣಿತವೂ ಬೇಡ, ಇಂಗ್ಲಿಷೂ ಹೆಚ್ಚು ಬೇಡ.